‘ಸಿಸ್ಟರ್, ನಮ್ದು ಇನ್ನೂ ಎಷ್ಟೊತ್ತು?’: ಆಸ್ಪತ್ರೆ ಕೌಂಟರಿನ ಹಿಂದಿನಿಂದ ಒಂದು ಬಹಿರಂಗ ಪತ್ರ

ಆಸ್ಪತ್ರೆಗೆ ಬರುವ ಎಲ್ಲರಿಗೂ, ಅವರ ಜೊತೆ ಬರುವ ನಾಲ್ಕು ಜನರಿಗೂ, ಹಾಗೇ ಬಾಗಿಲ ಆಚೆ ಕೂತಿರುವ ನಮ್ಮ ಡಾಕ್ಟರುಗಳಿಗೂ ಮಾಲೀಕರಿಗೂ,

ನಮಸ್ಕಾರ.

ನಾನು ಮಂಡ್ಯದ ಒಂದು ನರ್ಸಿಂಗ್ ಹೋಮಿನ ರಿಸೆಪ್ಶನ್‌ನಲ್ಲಿ ಕೂರುತ್ತೇನೆ. ಒಂಬತ್ತು ವರ್ಷ ಆಯಿತು. ನನ್ನ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ. ಗಾಜಿನ ಹಿಂದೆ, ಕಂಪ್ಯೂಟರ್ ಮುಂದೆ, ಒಂದು ಕಿವಿಗೆ ಫೋನ್ ಒತ್ತಿಕೊಂಡು ಇನ್ನೊಂದು ಕಿವಿಯಲ್ಲಿ ನಿಮ್ಮ ಮಾತು ಕೇಳುತ್ತಿರುತ್ತಾಳಲ್ಲ, ಅವಳೇ ನಾನು. ನೀವು ನನ್ನನ್ನು ಸಿಸ್ಟರ್ ಅನ್ನುತ್ತೀರಿ. ನಾನು ಸಿಸ್ಟರ್ ಅಲ್ಲ, ಬಿ.ಕಾಂ. ಮಾಡಿದವಳು. ಹೇಳಿ ಹೇಳಿ ಸಾಕಾಗಿ, ಈಗ ಸಂತೆಯಲ್ಲಿ ಯಾರೋ ಯಾರನ್ನೋ ಸಿಸ್ಟರ್ ಅಂದರೂ ತಿರುಗಿ ನೋಡುತ್ತೇನೆ.

ಹೋದ ತಿಂಗಳು ನನ್ನದೊಂದು ವಿಡಿಯೊ ಓಡಾಡಿತು. ದೊಡ್ಡದೇನಲ್ಲ, ನಮ್ಮ ಕಡೆಯ ನಾಲ್ಕಾರು ವಾಟ್ಸಾಪ್ ಗ್ರೂಪಿನಲ್ಲಿ ಅಷ್ಟೇ. ನನಗೆ ಕಳಿಸಿದ್ದು ನಮ್ಮ ನಾದಿನಿ. ‘ಅತ್ತಿಗೆ, ಇದು ನೀವಲ್ವಾ?’ ಅಂತ ಕೇಳಿದಳು. ನಾನೇ. 40 ಸೆಕೆಂಡಿನ ವಿಡಿಯೊ. ಅದರಲ್ಲಿ ನಾನು ಕೈ ಎತ್ತಿ ‘ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ? ಹೋಗಿ ಕೂತ್ಕೊಳ್ಳಿ’ ಅನ್ನುತ್ತೇನೆ. ಆ ಮುಖ ನೋಡಿ ನನಗೇ ಭಯ ಆಯಿತು. ಕೆಳಗೆ ಯಾರೋ ‘ದುಡ್ಡು ಕೊಟ್ಟು ಬೈಸ್ಕೊಳ್ಳೋ ಜಾಗ’ ಎಂದು ಬರೆದಿದ್ದರು. ನಮ್ಮ ಅತ್ತೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಆ ಮಾತು ಆಡಿದ್ದು ನಿಜ. ಆಡಬಾರದಿತ್ತು. ಆದರೆ ವಿಡಿಯೊ ಶುರುವಾಗುವ ಮೊದಲು ಇಪ್ಪತ್ತು ನಿಮಿಷ ಇತ್ತು, ಅದರಲ್ಲಿ ಆ ಅಣ್ಣ ಏಳು ಸಲ ಕೌಂಟರಿಗೆ ಬಂದಿದ್ದರು. ಅವರ ಟೋಕನ್ 41. ಒಳಗೆ ನಡೆಯುತ್ತಿದ್ದದ್ದು 23. ಏಳು ಸಲವೂ ಒಂದೇ ಮಾತು: ‘ಬರೀ ರಿಪೋರ್ಟ್ ತೋರ್ಸೋದು ಸಿಸ್ಟರ್, ಒಂದೇ ನಿಮಿಷ.’ 24ನೇ ಟೋಕನ್ ಇದ್ದದ್ದು ಎಂಟು ತಿಂಗಳ ಗರ್ಭಿಣಿಯ ಹತ್ತಿರ. ಕಾಲು ಊದಿಕೊಂಡು ಮೂಲೆಯ ಬೆಂಚಿನಲ್ಲಿ ಸುಮ್ನೆ ಕೂತಿದ್ದಳು. ಒಂದು ಸಲವೂ ಎದ್ದು ಬರಲಿಲ್ಲ. ಆ ಹುಡುಗಿ ವಿಡಿಯೊದಲ್ಲಿ ಇಲ್ಲ.

ಈ ಪತ್ರ ಅವಳಂಥವರ ಬಗ್ಗೆ. ನಮ್ಮ ಕಷ್ಟ ಕೇಳಿ, ಪಾಪ ಅನ್ನಿ ಅಂತ ಬರೆಯುತ್ತಿಲ್ಲ. ಒಂಬತ್ತು ವರ್ಷ ಕೂತು ನಾನು ನೋಡಿದ್ದು ಏನಪ್ಪಾ ಅಂದರೆ, ನಮ್ಮಲ್ಲಿ ಜಾಸ್ತಿ ಕಿರುಚಿದವರು ಬೇಗ ಒಳಗೆ ಹೋಗುತ್ತಾರೆ, ಸುಮ್ಮನಿದ್ದವರು ಕಾಯುತ್ತಾರೆ. ಬಾಗಿಲು ತೆಗೆಯುವವಳು ನಾನೇ.

ಮೊದಲು ಆ ‘ಒಂದು ನಿಮಿಷ’ದ ಕತೆ ಮುಗಿಸುತ್ತೇನೆ. ರಿಪೋರ್ಟ್ ತೋರಿಸುವುದು ಒಂದು ನಿಮಿಷದ ಕೆಲಸ ಆಗಿದ್ದನ್ನು ನಾನು ಕಂಡಿಲ್ಲ. ಒಳಗೆ ಹೋದ ಮೇಲೆ ‘ಹಂಗೇ ಡಾಕ್ಟ್ರೇ, ಮಂಡಿನೂ ನೋಯ್ತದೆ’ ಬರುತ್ತದೆ. ‘ಹಂಗೇ ನಮ್ಮ ಮನೆಯವ್ರದೂ ಬಿಪಿ ನೋಡ್ಬುಡಿ’ ಬರುತ್ತದೆ. ಆಮೇಲೆ ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಹಚ್ಚಿ ಡಾಕ್ಟರ ಕೈಗೆ ಕೊಡುತ್ತಾರೆ, ‘ನೀವೇ ಹೇಳಿ, ನಾನು ಹೇಳಿದ್ರೆ ಅವ್ನು ಕೇಳಲ್ಲ’ ಅಂತ. ಹನ್ನೆರಡು ನಿಮಿಷ. ಹೊರಗೆ ಇರುವ ಎಲ್ಲರಿಗೂ ಹನ್ನೆರಡು ನಿಮಿಷ ಜಾಸ್ತಿ, ಆ ಎಲ್ಲರ ಸಿಟ್ಟೂ ನನ್ನ ಮೇಲೆ. ಕೇಳಿದವರಿಗೆ ನಾನು ಏನು ಹೇಳಲಿ? ರಿಪೋರ್ಟ್ ತೋರಿಸುತ್ತಿದ್ದಾರೆ ಅಂತಲೇ ಹೇಳಬೇಕು.

ನಮ್ಮ ಬೆಳಿಗ್ಗೆ ಹೇಗೆ ಶುರುವಾಗುತ್ತದೆ ಗೊತ್ತಾ? ಎಂಟಕ್ಕೆ ಶಟರ್ ಎತ್ತುವಾಗ ಹೊರಗೆ ಕ್ಯೂ ಇರುತ್ತದೆ. ಜನರದ್ದಲ್ಲ, ಚಪ್ಪಲಿಗಳದ್ದು. ಒಂದು ಜೊತೆ ಹವಾಯಿ ಚಪ್ಪಲಿ, ಒಂದು ಟವೆಲು, ಒಂದು ಹಳೇ ಎಕ್ಸ್‌ರೇ ಕವರು, ಒಂದು ಕಲ್ಲು. ಜನ ಎದುರಿಗೆ ಟೀ ಅಂಗಡಿಯಲ್ಲಿ. ಶಟರ್ ಸದ್ದು ಕೇಳಿದ ಕೂಡಲೇ ಓಡಿ ಬಂದು ಕಲ್ಲು ನಂದು, ಕಲ್ಲು ನಂದು ಅಂತ ಶುರು. ಒಂದು ದಿನ ಒಂದೇ ಕಲ್ಲಿಗೆ ಇಬ್ಬರು ವಾರಸುದಾರರು. ನಗು ಬರುತ್ತದೆ, ಆದರೆ ಆಗ ನಗುವ ಹಾಗಿಲ್ಲ.

ಆಮೇಲೆ ಹೆಸರು ಹುಡುಕುವ ಕೆಲಸ. ‘ಮಂಜುಳ.’ ಕಂಪ್ಯೂಟರಿನಲ್ಲಿ ನೂರಾರು ಮಂಜುಳ ಇದ್ದಾರೆ. ಹುಟ್ಟಿದ ತಾರೀಖು ನೋಡೋಣ ಅಂದರೆ ಅಜ್ಜಿಯರಲ್ಲಿ ಮುಕ್ಕಾಲು ಪಾಲು ಜನವರಿ 1ಕ್ಕೇ ಹುಟ್ಟಿದ್ದಾರೆ. ಆಧಾರ್ ಮಾಡಿಸುವಾಗ ತಾರೀಖು ಗೊತ್ತಿಲ್ಲ, ಅಂದಾಜು ವಯಸ್ಸು ಹೇಳಿದ್ದಾರೆ, ಕಂಪ್ಯೂಟರ್ ಜನವರಿ 1 ಹಾಕಿಕೊಂಡಿದೆ. ಸರಿ, ಮೊಬೈಲ್ ನಂಬರ್ ಹೇಳಜ್ಜಿ ಅಂದರೆ ಅದು ಮೊಮ್ಮಗನದ್ದು. ಅವನು ಬೆಂಗಳೂರಿನಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದ್ದಾನೆ. ಈಗ 14 ಅಂಕಿಯ ಆಭಾ ನಂಬರ್ ಅಂತ ಬಂದಿದೆ, ಒಳ್ಳೆಯದೇ, ಹಳೇ ದಾಖಲೆ ಎಲ್ಲ ಒಂದೇ ಕಡೆ ಸಿಗಲಿ ಅಂತ ಮಾಡಿದ್ದು. ಆದರೆ ಓಟಿಪಿ ಹೋಗುವುದು ಆ ಮಲಗಿರುವ ಮೊಮ್ಮಗನಿಗೆ. ಅಜ್ಜಿ ನನ್ನ ಮುಂದೆ ನಿಂತು ‘ನಂಗೆ ಸುಸ್ತು ಕಣವ್ವ, ಮಿಸಿನ್ನು ಕಟ್ಕೊಂಡು ಏನ್ ಮಾಡೀಯೆ’ ಅನ್ನುತ್ತಾರೆ. ಅವರು ಹೇಳುವುದು ಸರಿ. ಹಿಂದೆ ನಿಂತಿರುವ ಹತ್ತು ಜನ ನಾನು ಅಜ್ಜಿ ಜೊತೆ ಹರಟೆ ಹೊಡೆಯುತ್ತಿದ್ದೇನೆ ಅಂದುಕೊಳ್ಳುತ್ತಾರೆ.

ಏನಾಗುತ್ತಿದೆ ಅಂತ ನಾನು ಕೇಳಿದಾಗ ‘ಅದನ್ನ ಡಾಕ್ಟ್ರಿಗೆ ಹೇಳ್ತೀವಿ, ನಿಮಗ್ಯಾಕೆ?’ ಅನ್ನುವವರು ದಿನಕ್ಕೆ ಐದಾರು ಜನ. ನನಗೆ ಕುತೂಹಲ ಇಲ್ಲ. ಯಾವ ಡಾಕ್ಟರ ಹೆಸರಿಗೆ ಚೀಟಿ ಮಾಡಬೇಕು, ಕೂರಿಸಬಹುದಾ ಇಲ್ಲ ಈಗಲೇ ಒಳಗೆ ಕಳಿಸಬೇಕಾ, ಇಷ್ಟು ತಿಳಿಯಲಿಕ್ಕೆ ಕೇಳುವುದು. ಆದರೂ ಇಲ್ಲಿ ತಪ್ಪು ನಮ್ಮದೂ ಇದೆ. ಮೂವತ್ತು ಜನರ ಮುಂದೆ ಗಾಜಿನ ತೂತಿನಲ್ಲಿ ಬಾಯಿಟ್ಟು ‘ಬ್ಲೀಡಿಂಗ್ ಆಗ್ತಿದೆ’ ಅಂತ ಒಬ್ಬ ಹೆಂಗಸು ಹೇಗೆ ಹೇಳಬೇಕು? ಕೆಲವರು ‘ಜ್ವರ’ ಅಂತ ಬರೆಸಿ ಒಳಗೆ ಹೋಗಿ ಬೇರೆಯೇ ಹೇಳುತ್ತಾರೆ. ಒಂದು ಮರೆ ಮಾಡಿಕೊಡಿ, ಬಟ್ಟೆಯ ಪರದೆ ಆದರೂ ಸಾಕು ಅಂತ ನಾನು ಮಾಲೀಕರಿಗೆ ಹೇಳಿ ಮೂರು ವರ್ಷ ಆಯಿತು. ಈ ನಡುವೆ ಮೀನಿನ ತೊಟ್ಟಿ ಬಂದಿದೆ.

ಈಗ ನಾನು ಯಾರಿಗೂ ಹೇಳದ ಒಂದು ವಿಷಯಕ್ಕೆ ಬರುತ್ತೇನೆ.

2025ರ ಜುಲೈ ನೆನಪಿದೆಯಾ? ಹಾಸನದ ಕಡೆ ಚಿಕ್ಕ ವಯಸ್ಸಿನವರು ಹಾರ್ಟ್ ಅಟ್ಯಾಕಿನಿಂದ ತೀರಿಕೊಂಡರು ಎಂದು ದಿನಾ ಟಿವಿಯಲ್ಲಿ ಬರುತ್ತಿತ್ತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವ ಮೊದಲೇ ಜನ ಸಾಲುಗಟ್ಟಿ ನಿಂತರು. ಸರ್ಕಾರ ತಜ್ಞರ ಸಮಿತಿ ಮಾಡಿತು, ಗಾಬರಿ ಬೀಳುವಂಥದ್ದು ಇಲ್ಲ ಎಂದು ಅವರು ಹೇಳಿದರು. ಆದರೆ ಅದು ಹೇಳುವ ಹೊತ್ತಿಗೆ ಗಾಬರಿ ನಮ್ಮ ಕೌಂಟರಿಗೂ ಬಂದು ಮುಟ್ಟಿತ್ತು. ಇಪ್ಪತ್ತೈದು ವರ್ಷದ ಹುಡುಗರು, ಜಿಮ್‌ಗೆ ಹೋಗುವವರು, ಗುಂಪು ಗುಂಪಾಗಿ ಬಂದು ‘ಇಸಿಜಿ ಮಾಡ್ಸ್ಬೇಕು’ ಅನ್ನುತ್ತಿದ್ದರು. ಅವರಿಗೆ ಭಯ ಇತ್ತು, ಅದು ಸುಳ್ಳು ಭಯ ಅಂತ ನಾನು ಹೇಳುವುದಿಲ್ಲ. ಆದರೆ ಒಬ್ಬೊಬ್ಬರೂ ಕೌಂಟರಿಗೆ ಎರಡೆರಡು ಸಲ ಬರುವವರು, ದನಿ ಎತ್ತುವವರು. ಅಂಥ ಒಂದು ದಿನ ಒಂದು ಗುಂಪಿನವರು ಒಬ್ಬ ಮುಖಂಡರಿಂದ ನೇರ ಡಾಕ್ಟರಿಗೇ ಫೋನ್ ಮಾಡಿಸಿದರು. ಡಾಕ್ಟರ್ ಇಂಟರ್‌ಕಾಮ್‌ನಲ್ಲಿ ‘ಅವ್ರನ್ನ ಕಳಿಸ್ಬಿಡಮ್ಮ’ ಎಂದರು. ಕಳಿಸಿದೆ. ಐದು ಜನ.

ಅದೇ ದಿನ ಪಾಂಡವಪುರದ ಕಡೆಯ ಒಬ್ಬ ರೈತರು ಬಂದಿದ್ದರು. ಅರವತ್ತು ದಾಟಿರಬೇಕು. ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು. ಏನಾಗುತ್ತಿದೆ ಯಜಮಾನ್ರೇ ಅಂದೆ. ‘ಗ್ಯಾಸು ಕಣವ್ವ, ಎದೆ ಹಿಡ್ಕಂಡಂಗೆ ಆಯ್ತದೆ, ರಾತ್ರಿ ಹುರುಳಿಕಾಳು ಸಾರು ತಿಂದಿದ್ದೆ’ ಎಂದರು. ನಾನು ಕಂಪ್ಯೂಟರಿನಲ್ಲಿ ‘ಗ್ಯಾಸ್ಟ್ರಿಕ್’ ಎಂದು ಹೊಡೆದು 38ನೇ ಟೋಕನ್ ಕೊಟ್ಟೆ. ಅವರು ಕೊನೇ ಬೆಂಚಿನಲ್ಲಿ ಹೋಗಿ ಕೂತರು. ಒಂದು ಗಂಟೆ ಹತ್ತು ನಿಮಿಷ ಕೂತಿದ್ದರು. ನಾನು ಆ ಕಡೆ ನೋಡಲೇ ಇಲ್ಲ, ಯಾಕೆ ಅಂದರೆ ಆ ಕಡೆಯಿಂದ ಸದ್ದು ಬರುತ್ತಿರಲಿಲ್ಲ. ನೆಲ ಒರೆಸುವ ನಮ್ಮ ಆಯಾ ಬಂದು ‘ಅಮ್ಮಣ್ಣಿ, ಆ ಯಜಮಾನ್ರ ಶರಟು ನೋಡಿ, ಮಳೇಲಿ ನೆಂದಂಗೆ ಅದೆ’ ಎಂದರು. ಫ್ಯಾನ್ ಕೆಳಗೆ ಕೂತು ಬೆವರುತ್ತಿದ್ದರು.

ಇಸಿಜಿ ಮಾಡಿದರೆ ಹಾರ್ಟ್ ಅಟ್ಯಾಕ್. ಡಾಕ್ಟರ್ ಓಡಿ ಬಂದು ಮಾತ್ರೆ ಕೊಟ್ಟು, ಆಂಬುಲೆನ್ಸ್ ಮಾಡಿಸಿ ಮೈಸೂರಿಗೆ ಕಳಿಸಿದರು. ಬದುಕಿದರು. ಬದುಕಿದರು ಅಂತಲೇ ನನಗೆ ಇದನ್ನು ಬರೆಯಲಿಕ್ಕೆ ಆಗುತ್ತಿದೆ. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕಂತೆ, ಅದು ಡಾಕ್ಟರುಗಳ ಲೆಕ್ಕ, ಆಮೇಲೆ ನಮ್ಮ ಡಾಕ್ಟರೇ ನನಗೆ ಹೇಳಿದರು. ಮೊದಲೇ ಹೇಳಿದ್ದರೆ? ಒಂಬತ್ತು ವರ್ಷದಲ್ಲಿ ನನಗೆ ಬಿಲ್ ಹಾಕುವುದು ಹೇಳಿಕೊಟ್ಟಿದ್ದಾರೆ, ಸ್ವೈಪ್ ಮಿಷನ್ ಹೇಳಿಕೊಟ್ಟಿದ್ದಾರೆ, ನಗುಮುಖದಿಂದ ಇರಬೇಕು ಅಂತ ಒಂದು ಟ್ರೈನಿಂಗೂ ಆಗಿದೆ. ಬೆವರು, ಎಡಗೈ ಸೆಳೆತ, ದವಡೆ ನೋವು, ಇವುಗಳ ಬಗ್ಗೆ ಯಾರೂ ಹೇಳಿರಲಿಲ್ಲ. ‘ಗ್ಯಾಸ್’ ಅಂದವರನ್ನು ಮೊದಲು ಅನುಮಾನದಿಂದ ನೋಡು ಅಂತಲೂ ಹೇಳಿರಲಿಲ್ಲ. ಈಗ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಇಸಿಜಿ ಮಾಡಿ, ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಈಗಾಗಿದ್ದರೆ ಆ ಯಜಮಾನರು ಬಸ್ಸು ಹತ್ತಿ ಮಂಡ್ಯಕ್ಕೆ ಬರುವ ಬದಲು ಅಲ್ಲಿಗೇ ಹೋಗಬಹುದಿತ್ತು. ಗ್ಯಾಸು ಅಂದುಕೊಂಡವರು ಅಲ್ಲಿಗೆ ಹೋಗುವುದಿಲ್ಲ.

ಹಾಗಾಗಿ, ಕಿರುಚುವ ಅಣ್ಣಂದಿರೇ, ನಾನು ನಿಮ್ಮನ್ನು ಕೂತ್ಕೊಳ್ಳಿ ಅನ್ನುವಾಗ ಅದು ನನ್ನ ದೌಲತ್ತು ಅಲ್ಲ. ನಿಮ್ಮ ಬೆನ್ನ ಹಿಂದೆ ಯಾರು ಕೂತಿದ್ದಾರೆ ಅಂತ ನೋಡಲಿಕ್ಕೆ ನನಗೆ ಎರಡು ನಿಮಿಷ ಬೇಕು. ನೀವು ಗಾಜಿಗೆ ಅಡ್ಡ ನಿಂತಿರುತ್ತೀರಿ.

ದುಡ್ಡಿನ ಜಗಳಗಳ ಬಗ್ಗೆ ಬರೆದರೆ ಪುಸ್ತಕ ಆಗುತ್ತದೆ. ಎರಡು ಮೂರು ಹೇಳುತ್ತೇನೆ.

‘ಬಿಪಿಎಲ್ ಕಾರ್ಡ್ ಐತೆ, ಫ್ರೀ ಅಲ್ವಾ?’ ಇದು ದಿನಾ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪುಕ್ಕಟೆ ಚಿಕಿತ್ಸೆ ಇದೆ, ನಿಜ. ಎಪಿಎಲ್‌ನವರಿಗೆ ಚಿಕಿತ್ಸೆಗೆ ಸರ್ಕಾರ ಕಟ್ಟಿದ ಪ್ಯಾಕೇಜ್ ರೇಟಿನ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಅದು ಯೋಜನೆಗೆ ಸೇರಿಕೊಂಡ ಆಸ್ಪತ್ರೆಯಲ್ಲಿ ಮಾತ್ರ. ಎಮರ್ಜೆನ್ಸಿ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ತರಬೇಕು. ನೆಗಡಿಗೆ ನಮ್ಮಂಥ ಕಡೆ ಬಂದು ಕಾರ್ಡ್ ತೋರಿಸಿದರೆ ನಡೆಯುವುದಿಲ್ಲ. ಇದನ್ನು ಹೇಳುವಾಗ ನಾನು ಸರ್ಕಾರದ ದುಡ್ಡು ತಿನ್ನುತ್ತಿರುವ ಹಾಗೆ ನೋಡುತ್ತಾರೆ. ಟಿವಿಯಲ್ಲಿ ‘ಎಲ್ಲಾ ಫ್ರೀ’ ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ, ರೆಫರಲ್ ವಿಷಯ ಯಾರೂ ಹೇಳುವುದಿಲ್ಲ. ಅದನ್ನು ಹೇಳುವ ಕೆಲಸ, ಬೈಸಿಕೊಳ್ಳುವ ಕೆಲಸ ಎರಡೂ ಕೌಂಟರಿನದ್ದು.

2024ರ ಡೆಂಗಿ ಹೊತ್ತಲ್ಲಿ ಇದೇ ಆಯಿತು. ಜುಲೈನಲ್ಲಿ ಸರ್ಕಾರ ಡೆಂಗಿ ರಕ್ತ ಪರೀಕ್ಷೆಗಳಿಗೆ ರೇಟು ಕಟ್ಟಿತು, ಎನ್‌ಎಸ್1 ಎಲೈಸಾಗೆ 300, ಐಜಿಎಂ ಎಲೈಸಾಗೆ 300, ರ‍್ಯಾಪಿಡ್ ಕಾರ್ಡ್ ಟೆಸ್ಟಿಗೆ 250. ಒಳ್ಳೆಯ ಕೆಲಸ, ಅದಕ್ಕೆ ಮೊದಲು ಒಂದೊಂದು ಲ್ಯಾಬಲ್ಲಿ ಒಂದೊಂದು ರೇಟು ಇತ್ತು. ಆದರೆ ಡಾಕ್ಟರ್ ಬರೆಯುವುದು ಅದೊಂದೇ ಅಲ್ಲ, ಪ್ಲೇಟ್‌ಲೆಟ್ ಕೌಂಟ್ ಇರುತ್ತದೆ, ಲಿವರ್ ಟೆಸ್ಟ್ ಇರುತ್ತದೆ. ಒಟ್ಟು ಬಿಲ್ ನೋಡಿ ಪೇಪರ್ ಕಟಿಂಗ್ ತಂದು ಗಾಜಿಗೆ ಒತ್ತಿ ಹಿಡಿದವರಿದ್ದಾರೆ. ಬಿಲ್ಲನ್ನು ಸಾಲು ಸಾಲಾಗಿ ಓದಿ ಹೇಳಿದರೆ ಅರ್ಧ ಜನ ಒಪ್ಪುತ್ತಾರೆ. ಓದಿ ಹೇಳಲಿಕ್ಕೆ ಪುರಸೊತ್ತು ಬೇಕು. ಇನ್ನು ರೇಟಿನ ಪಟ್ಟಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು ಅಂತ ಕಾನೂನೇ ಇದೆ. ನಮ್ಮಲ್ಲೂ ಹಾಕಿದ್ದಾರೆ, ನೀರಿನ ಫಿಲ್ಟರ್ ಹಿಂದೆ.

ಇನ್ಶೂರೆನ್ಸ್ ಇರುವವರ ಸಿಟ್ಟು ಬೇರೆ ಥರ. ಬೆಳಿಗ್ಗೆ ಹತ್ತಕ್ಕೆ ರೌಂಡ್ಸ್‌ನಲ್ಲಿ ಡಾಕ್ಟರ್ ‘ಇವತ್ತು ಮನೆಗೆ ಹೋಗ್ಬಹುದು’ ಅಂದುಬಿಡುತ್ತಾರೆ. ಹತ್ತೂವರೆಗೆ ನೀವು ಬ್ಯಾಗ್ ಕಟ್ಟಿ, ಫ್ಲಾಸ್ಕ್ ಹಿಡಿದು ನನ್ನ ಮುಂದೆ. ಊರಿಂದ ಕಾರು ಬಂದು ನಿಂತಿದೆ. ಸಂಜೆ ನಾಲ್ಕಾದರೂ ಡಿಸ್ಚಾರ್ಜ್ ಇಲ್ಲ. ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ಪ್ರಕಾರ ಇನ್ಶೂರೆನ್ಸ್‌ನವರು ಕ್ಯಾಶ್‌ಲೆಸ್ ಒಪ್ಪಿಗೆಯನ್ನು ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಒಪ್ಪಿಗೆಯನ್ನು ಮೂರು ಗಂಟೆಯೊಳಗೆ ಕೊಡಬೇಕು. ಇದು ನಿಮಗೆ ಗೊತ್ತಿದ್ದರೆ ಫೋನಿನಲ್ಲಿ ತೋರಿಸಿ ನನ್ನನ್ನು ಕೇಳುತ್ತೀರಿ. ಸರಿಯಾಗೇ ಕೇಳುತ್ತೀರಿ. ಆದರೆ ಆ ಮೂರು ಗಂಟೆ ಲೆಕ್ಕ ಶುರುವಾಗುವುದು ಆಸ್ಪತ್ರೆ ಕಾಗದ ಕಳಿಸಿದ ಮೇಲೆ. ಡಿಸ್ಚಾರ್ಜ್ ಸಮ್ಮರಿ ಟೈಪ್ ಆಗಬೇಕು, ಡಾಕ್ಟರ್ ಸೈನ್ ಆಗಬೇಕು, ಉಳಿದ ಔಷಧಿ ಮೆಡಿಕಲ್ಸ್‌ಗೆ ವಾಪಸ್ ಹೋಗಬೇಕು. ಹತ್ತಕ್ಕೆ ಹೋಗಿ ಅಂದ ಡಾಕ್ಟರ್ ಹನ್ನೊಂದಕ್ಕೆ ಆಪರೇಷನ್ ಥಿಯೇಟರಿನೊಳಗೆ ಹೋದರೆ ಸೈನ್ ಬೀಳುವುದು ಒಂದೂವರೆಗೆ. ನಾನು ನಿಮಗೆ ಹೇಳುವುದು ‘ಇನ್ಶೂರೆನ್ಸ್‌ನವರು ಲೇಟ್ ಮಾಡ್ತಿದ್ದಾರೆ ಸರ್’ ಅಂತ. ಎಷ್ಟೋ ಸಲ ಅದು ನಿಜ. ಎಷ್ಟೋ ಸಲ ಅಲ್ಲ.

ಮಂಡ್ಯದವರಿಗೆ ಹೇಳಬೇಕಾದ ಇನ್ನೊಂದು ಇದೆ, ಬರೆಯಲಿಕ್ಕೆ ನಾಚಿಕೆ ಆಗುತ್ತದೆ. ನಮ್ಮಲ್ಲಿ ಸ್ಕ್ಯಾನಿಂಗ್ ಇದೆ. ಗರ್ಭಿಣಿಗೆ ಸ್ಕ್ಯಾನ್ ಮಾಡಬೇಕಾದರೆ ಪ್ರತಿಸಲ ಫಾರಂ ಎಫ್ ತುಂಬಬೇಕು, ಭ್ರೂಣಲಿಂಗ ಪತ್ತೆ ತಡೆಯಲಿಕ್ಕೆ 1994ರಲ್ಲಿ ಬಂದ ಕಾನೂನು. ವಿಳಾಸ, ಗುರುತಿನ ಚೀಟಿ, ಈಗಾಗಲೇ ಎಷ್ಟು ಮಕ್ಕಳು, ಗಂಡೆಷ್ಟು ಹೆಣ್ಣೆಷ್ಟು, ಎಲ್ಲ ಕೇಳಬೇಕು. ‘ಮಕ್ಕಳ ವಿಷಯ ಎಲ್ಲಾ ನಿಮಗ್ಯಾಕೆ, ಸ್ಕ್ಯಾನ್ ಮಾಡ್ರಿ ಸಾಕು’ ಅಂತ ಗಂಡಂದಿರು ರೇಗುತ್ತಾರೆ. ಆಧಾರ್ ಮನೆಯಲ್ಲಿ ಬಿಟ್ಟು ಬಂದು ‘ನೆಕ್ಸ್ಟ್ ಟೈಮ್ ತಂದ್ಕೊಡ್ತೀವಿ’ ಅನ್ನುತ್ತಾರೆ. ನಾನು ಬಿಟ್ಟರೆ ಆಸ್ಪತ್ರೆ ಬಾಗಿಲಿಗೆ ಸೀಲ್ ಬೀಳುತ್ತದೆ. 2023ರಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲೇ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೆಣ್ಣೋ ಗಂಡೋ ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು, ಬೆಲ್ಲ ಮಾಡುವ ಜಾಗದಲ್ಲಿ. ರಾಜ್ಯದ ತುಂಬ ನಮ್ಮ ಊರಿನ ಹೆಸರು ಓಡಾಡಿತು. ಇಷ್ಟಾದ ಮೇಲೂ ಹೋದ ವರ್ಷ ಒಬ್ಬರು ಅತ್ತೆ ಫೈಲಿನೊಳಗೆ 500ರ ನೋಟು ಮಡಚಿಟ್ಟು ನನ್ನ ಕಡೆ ತಳ್ಳಿ, ‘ಯಾವ ಸ್ವೀಟು ತರ್ಬೇಕು ಅಂತ ಡಾಕ್ಟ್ರುನ್ನ ಕೇಳಿ ಹೇಳು ಮಗ’ ಎಂದರು. ಸೊಸೆ ಪಕ್ಕದಲ್ಲೇ ನಿಂತಿದ್ದಳು, ತಲೆ ಎತ್ತಲಿಲ್ಲ. ನೋಟು ವಾಪಸ್ ತಳ್ಳಿದೆ. ಗಂಡೋ ಹೆಣ್ಣೋ ಅಂತ ಕೇಳುವುದೂ ಅಪರಾಧ, ಕೇಳಿದ ಮನೆಯವರಿಗೂ ಮೂರು ವರ್ಷದವರೆಗೆ ಜೈಲಿದೆ ಅಂದೆ. ಆಗ ಅವರು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ಏನು ಗೊತ್ತಾ? ‘ಈ ಆಸ್ಪತ್ರೇಲಿ ಒಂದು ಮಾತಾಡೋಕೂ ದುಡ್ಡು ಕೇಳ್ತಾರೆ.’

ನನ್ನ ತಲೆಯ ಮೇಲೆ ಒಂದು ಬೋರ್ಡ್ ಇದೆ. ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 2009ರ ಕಾಯ್ದೆ ಪ್ರಕಾರ ಮೂರು ವರ್ಷದವರೆಗೆ ಜೈಲು, 50 ಸಾವಿರದವರೆಗೆ ದಂಡ ಅಂತ ಕೆಂಪು ಅಕ್ಷರದಲ್ಲಿ. ನನ್ನ ಮೇಲೆ ಯಾರೂ ಕೈ ಮಾಡಿಲ್ಲ. ಒಂದ್ಸಲ ಫೈಲ್ ಎಸೆದರು, ಒಂದ್ಸಲ ಚಿಲ್ಲರೆ ಎಸೆದರು. ಚಿಲ್ಲರೆ ಎಸೆದವರಿಗೆ ಥ್ಯಾಂಕ್ಸ್ ಹೇಳಬೇಕು, ಅವತ್ತು ಚಿಲ್ಲರೆಗೇ ಪರದಾಡುತ್ತಿದ್ದೆವು.

ಈಗ ಡಾಕ್ಟರುಗಳೇ, ಮಾಲೀಕರೇ, ನಿಮ್ಮ ಸರದಿ. ಈ ಪತ್ರ ಓದಿ ನನ್ನನ್ನು ಗುರುತು ಹಿಡಿಯುತ್ತೀರಿ, ಮೀನಿನ ತೊಟ್ಟಿ ಬರೆದಾಗಲೇ ಹಿಡಿದಿರುತ್ತೀರಿ. ಪರವಾಗಿಲ್ಲ.

ಜನರ ಸಿಟ್ಟಿನಲ್ಲಿ ಅರ್ಧ ನಾವೇ ಬೇಯಿಸಿದ್ದು. ‘ಡಾಕ್ಟ್ರು ರೌಂಡ್ಸಲ್ಲಿದಾರೆ’ ಅಂತ ನನ್ನಿಂದ ಹೇಳಿಸುತ್ತೀರಿ, ಆಗ ನೀವು ಇನ್ನೂ ಮನೆಯಿಂದ ಹೊರಟಿರುವುದಿಲ್ಲ. ಅಥವಾ ಇನ್ನೊಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡುತ್ತಿರುತ್ತೀರಿ. ಹೆರಿಗೆ ಗಡಿಯಾರ ನೋಡಿ ಆಗುವುದಿಲ್ಲ, ಅದು ನನಗೂ ಗೊತ್ತು, ಕೂತಿರುವ ಜನರಿಗೂ ಗೊತ್ತು. ‘ಒಂದು ಹೆರಿಗೆ ಕೇಸ್ ಇದೆ, ಹನ್ನೆರಡರ ಮೇಲೆ ಬರ್ತಾರೆ, ಬೇಕಾದ್ರೆ ತಿಂಡಿ ತಿಂದ್ಕೊಂಡು ಬನ್ನಿ’ ಅಂದರೆ ಹತ್ತರಲ್ಲಿ ಎಂಟು ಜನ ‘ಆಯ್ತಮ್ಮ’ ಅಂತ ಎದ್ದು ಹೋಗುತ್ತಾರೆ. ನಾನು ಕದ್ದು ಹಾಗೆ ಹೇಳಿ ನೋಡಿದ್ದೇನೆ. ಸುಳ್ಳು ಹೇಳಿ ಹಸಿದ ಹೊಟ್ಟೆಯಲ್ಲಿ ಕೂರಿಸಿದರೆ ಶುಗರ್ ಇರುವವರು ತಲೆ ತಿರುಗಿ ಬೀಳುತ್ತಾರೆ, ಅದೂ ಆಗಿದೆ.

ಎರಡನೆಯದು, ಆ ಫೋನ್. ‘ನಮ್ಮವರು ಬರ್ತಿದಾರೆ, ಬಂದ ಕೂಡ್ಲೇ ಕಳ್ಸು.’ ನಿಮ್ಮವರು ಎಷ್ಟು ಜನ ಸಾರ್? ಭಾವಮೈದುನನ ಸ್ನೇಹಿತ, ಕ್ಲಬ್ಬಿನವರು, ಪಂಚಾಯ್ತಿಯವರು, ಸ್ಟೇಷನ್ನಿನವರು, ಜೊತೆಗೆ ಬ್ಯಾಗ್ ಹಿಡಿದು ನಿಂತ ಔಷಧಿ ಕಂಪನಿ ರೆಪ್‌ಗಳು. ಒಬ್ಬೊಬ್ಬರು ಒಳಗೆ ಹೋದಾಗಲೂ ಹೊರಗೆ ಮೂವತ್ತು ಜನ ನೋಡುತ್ತಾರೆ, ಇಲ್ಲಿ ಟೋಕನ್‌ಗೆ ಬೆಲೆ ಇಲ್ಲ, ಬಾಯಿಗೆ ಬೆಲೆ, ಫೋನಿಗೆ ಬೆಲೆ ಅಂತ ಕಲಿಯುತ್ತಾರೆ. ಮುಂದಿನ ಸಲ ಅವರೂ ಬಾಯಿ ಮಾಡುತ್ತಾರೆ. ಆ 41ನೇ ಟೋಕನ್ನಿನ ಅಣ್ಣ ಕೂಡ ಇಲ್ಲೇ ಕಲಿತಿದ್ದು. ವಿಡಿಯೊ ಮಾಡಿದ ದಿನ ಅವರ ಕಣ್ಣ ಮುಂದೆಯೇ ನಾನು ಇಬ್ಬರನ್ನು ಟೋಕನ್ ಇಲ್ಲದೆ ಒಳಗೆ ಬಿಟ್ಟಿದ್ದೆ. ವಿಡಿಯೊದಲ್ಲಿ ಅದೂ ಇಲ್ಲ, ಇಷ್ಟೊತ್ತು ನಾನೂ ಅದನ್ನು ಹೇಳಿರಲಿಲ್ಲ.

ನನಗೆ ಬೇಕಾಗಿರುವುದು ದೊಡ್ಡದಲ್ಲ. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನನ್ನ ಪಕ್ಕ ಒಬ್ಬರು ನಿಜವಾದ ಸಿಸ್ಟರ್ ಕೂರಲಿ. ಬಿಪಿ ಮಿಷನ್, ಶುಗರ್ ಮಿಷನ್, ಜ್ವರ ನೋಡುವ ಥರ್ಮಾಮೀಟರ್. ಯಾರು ಕಾಯಬಹುದು, ಯಾರು ಕಾಯಬಾರದು ಅಂತ ಅವರು ಹೇಳಲಿ, ನಾನು ಚೀಟಿ ಮಾಡುತ್ತೇನೆ. ಫೋನಿಗೆ ಬೇರೆ ಹುಡುಗಿ. ಒಂದು ಪರದೆ. ನನ್ನ ಸಂಬಳ ಜಾಸ್ತಿ ಮಾಡಿ ಅಂತ ಕೇಳುತ್ತಿಲ್ಲ. ಮಾಡಿದರೆ ಬೇಡ ಅನ್ನುವುದಿಲ್ಲ.

ಮತ್ತೆ ನಿಮಗೆ, ಬೆಂಚಿನ ಮೇಲೆ ಇರುವವರಿಗೆ. ಹಳೇ ಚೀಟಿ ತನ್ನಿ. ‘ಬಿಳೀ ಮಾತ್ರೆ, ರೌಂಡಾಗಿ ಐತಲ್ಲ’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಖಾಲಿ ಶೀಟಾದರೂ ತನ್ನಿ. ಒಬ್ಬರ ಜೊತೆ ಒಬ್ಬರು ಬಂದರೆ ಬೆಂಚು ಸಾಕಾಗುತ್ತದೆ. ಎದೆನೋವು, ಉಸಿರು ಕಟ್ಟುವುದು, ಬಸುರಿಯಲ್ಲಿ ರಕ್ತ ಹೋಗುವುದು, ಮಾತು ತೊದಲುವುದು, ಬಾಯಿ ಸೊಟ್ಟ ಆಗುವುದು, ಮಗು ಹಾಲು ಬಿಟ್ಟು ಸುಮ್ಮನೆ ಬಿದ್ದುಕೊಂಡಿರುವುದು, ಇವುಗಳಲ್ಲಿ ಒಂದಿದ್ದರೂ ಟೋಕನ್ ತಗೊಂಡು ಕೂರಬೇಡಿ. ಅವತ್ತು ಕಿರುಚಿ. ಗಾಜು ಬಡಿಯಿರಿ. ವಿಡಿಯೊ ಬೇಕಾದರೂ ಮಾಡಿ. ನಿಮಗೆ ಕಿರುಚಲಿಕ್ಕೆ ಬಾರದಿದ್ದರೆ ಪಕ್ಕದವರಿಗೆ ಹೇಳಿ, ಅವರು ಕಿರುಚುತ್ತಾರೆ, ಅದಕ್ಕೆ ಜನ ಕಮ್ಮಿ ಇಲ್ಲ.

ಆ ಪಾಂಡವಪುರದ ಯಜಮಾನರು ನಾಲ್ಕು ತಿಂಗಳ ಮೇಲೆ ಬಂದಿದ್ದರು, ಬಿಪಿ ತೋರಿಸಲಿಕ್ಕೆ. ಪೇಪರಿನಲ್ಲಿ ಸುತ್ತಿ ನಾಲ್ಕು ಅಚ್ಚು ಬೆಲ್ಲ ತಂದಿದ್ದರು, ಎರಡು ನನಗೆ, ಎರಡು ಆಯಾಗೆ. ಅವರಿಗೆ ನಾನು ‘ಗ್ಯಾಸ್ಟ್ರಿಕ್’ ಎಂದು ಬರೆದದ್ದು ಗೊತ್ತಿಲ್ಲ. ಹೇಳಲಿಕ್ಕೆ ಬಾಯಿ ಬರಲಿಲ್ಲ. 29ನೇ ಟೋಕನ್ ತಗೊಂಡು ಮತ್ತೆ ಅದೇ ಕೊನೇ ಬೆಂಚಿಗೆ ಹೋಗಿ ಕೂತರು. ನಾನು ನಾಲ್ಕು ಜನ ಆದ ಮೇಲೆ ಅವರ ಹೆಸರು ಕೂಗಿದೆ. ಆರನೇ ಟೋಕನ್ನಿನವರು ತಕ್ಷಣ ಎದ್ದು ಬಂದರು. ‘ಅವ್ರನ್ಯಾಕೆ ಮೊದ್ಲು ಕಳಿಸ್ತೀರಾ? ನಿಮ್ಮ ಕಡೆಯವ್ರಾ?’

ಹೌದು ಅಂದೆ.

ಇಂತಿ,
ಗಾಜಿನ ಹಿಂದೆ ಇರುವವಳು,
ಮಂಡ್ಯ

ಇನ್ನೊಂದು ಮಾತು. ಕೌಂಟರಿನ ಪೆನ್ನಿಗೆ ದಾರ ಕಟ್ಟಿರುವುದು ಯಾಕೆ ಅಂತ ನಿಮಗೂ ಗೊತ್ತು. ಹೋದ ವಾರ ದಾರ ಸಮೇತ ತಗೊಂಡು ಹೋದವರು ಪೆನ್ನು ಇಟ್ಟುಕೊಳ್ಳಿ, ದಾರ ಆದರೂ ವಾಪಸ್ ಕೊಡಿ. ಅದು ಸೀರೆ ಫಾಲ್ಸ್ ಹೊಲಿಯಲಿಕ್ಕೆ ಮನೆಯಿಂದ ತಂದಿದ್ದು.